ಅಮೆರಿಕದ ಎಫ್‌ಎಂನಿಂದ ಸ್ಮೂತ್ ಜಾಝ್ ಯಾಕೆ ಮಾಯವಾಯಿತು? ನಿಜವಾಗಲೂ ಮೀಟರ್ ಕೊಂದಿತಾ?

ಬೇ ಏರಿಯಾ ಭಟ್ಟ:
ಒಂದು ಪ್ರಶ್ನೆ ತುಂಬಾ ದಿನದಿಂದ ತಲೆ ತಿನ್ನುತ್ತಿದೆ. 1990ರ ದಶಕದಲ್ಲಿ ಅಮೆರಿಕದ ಯಾವ ದೊಡ್ಡ ಊರಿಗೆ ಹೋದರೂ ಸ್ಮೂತ್ ಜಾಝ್, ಅಂದರೆ ಪಾಪ್ ಬೆರೆತ ಮೆತ್ತಗಿನ ಜಾಝ್, ಹಾಕುವ ಒಂದು ಸ್ಟೇಷನ್ ಸಿಗುತ್ತಿತ್ತು. ಲಾಸ್ ಏಂಜಲೀಸ್‌ನಲ್ಲಿ 94.7 ದ ವೇವ್, ಶಿಕಾಗೋದಲ್ಲಿ 95.5 ಡಬ್ಲ್ಯುಎನ್‌ಯುಎ, ನ್ಯೂಯಾರ್ಕಿನಲ್ಲಿ ಸಿಡಿ 101.9, ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 103.7 ಕೆಕೆಎಸ್‌ಎಫ್. ಯಾವುದೂ ಸಣ್ಣಪುಟ್ಟ ಸ್ಟೇಷನ್ ಅಲ್ಲ, ಎಲ್ಲ ಪೂರ್ತಿ ಕಮರ್ಷಿಯಲ್.

2008ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನದು ರಾಕ್ ಆಯ್ತು. 2009ರ ಮೇ ತಿಂಗಳಲ್ಲಿ ಒಂದೇ ವಾರದೊಳಗೆ ಕೆಕೆಎಸ್‌ಎಫ್ ಹಳೇ ರಾಕ್‌ಗೂ ಡಬ್ಲ್ಯುಎನ್‌ಯುಎ ಸ್ಪ್ಯಾನಿಷ್‌ಗೂ ತಿರುಗಿದವು. ದ ವೇವ್ 2010ರಲ್ಲಿ ಸ್ಮೂತ್ ಜಾಝ್ ಅನ್ನುವ ಹೆಸರನ್ನೇ ಕೈಬಿಟ್ಟಿತು. ಎರಡೇ ವರ್ಷದಲ್ಲಿ ಇಷ್ಟೆಲ್ಲ!

ಯಾರನ್ನು ಕೇಳಿದರೂ "ಪಿಪಿಎಂ (ಯಾರು ಯಾವ ಸ್ಟೇಷನ್ ಕೇಳ್ತಾರೆ ಅಂತ ಅಳೆಯುವ ಮೀಟರ್) ಬಂತು, ಸ್ಮೂತ್ ಜಾಝ್ ಹೋಯ್ತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅಷ್ಟೇನಾ? ರೇಡಿಯೋದಲ್ಲಿ ಕೆಲಸ ಮಾಡಿದವರು ಇಲ್ಲಿ ಒಂದಿಬ್ಬರು ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ.

ಲಿಫ್ಟ್ ವಿರೋಧಿ:
ಹೋಗಿದ್ದೇ ಒಳ್ಳೇದಾಯ್ತು. ಮುಂದಿನ ಪ್ರಶ್ನೆ ಕೇಳಿ.

ಶಿಕಾಗೋ ಸೊಸೆ:
ಶುರುವಾಯ್ತಾ ನಿಮ್ಮದು! ಲಿಫ್ಟ್ ಸಾಹೇಬರೇ, ಡಬ್ಲ್ಯುಎನ್‌ಯುಎನಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವರು ರಾಮ್ಸೀ ಲೂಯಿಸ್. ಗ್ರ್ಯಾಮಿ ಗೆದ್ದ ಪಿಯಾನೋ ವಾದಕ, ಶಿಕಾಗೋದವರೇ. ಅಂಥವರನ್ನು ಬೆಳಿಗ್ಗೆ ಮೈಕ್ ಮುಂದೆ ಕೂರಿಸಿದ ಕಮರ್ಷಿಯಲ್ ಸ್ಟೇಷನ್ ಇನ್ನೊಂದು ತೋರಿಸಿ ನೋಡೋಣ. ಆಮೇಲೆ ಬೈಯಿರಿ.

ಟ್ರಾನ್ಸ್‌ಮಿಟರ್ ತಾತ:
ಭಟ್ಟರೇ, ನಾನು ಅಲ್ಲಿನ ಒಂದು ಎಫ್‌ಎಂನಲ್ಲಿ ಎಂಜಿನಿಯರ್ ಆಗಿದ್ದವನು. ನಮ್ಮದು ಜಾಝ್ ಅಲ್ಲ, ಕಂಟ್ರಿ. ಆದರೂ ಈ ಅಳತೆಯ ಕಥೆ ಎಲ್ಲರಿಗೂ ಒಂದೇ.

ಮೊದಲು ಡೈರಿ ಇತ್ತು. ರೇಡಿಯೋ ರೇಟಿಂಗ್ ಅಳೆಯುವ ಆರ್ಬಿಟ್ರಾನ್ ಕಂಪನಿ ಮನೆಗೆ ಒಂದು ಸಣ್ಣ ಪುಸ್ತಕ ಕಳಿಸುತ್ತಿತ್ತು, ಒಳಗೆ ಒಂದೆರಡು ಡಾಲರ್ ನೋಟೂ ಇರುತ್ತಿತ್ತು. ಗುರುವಾರದಿಂದ ಬುಧವಾರದ ತನಕ ಯಾವ ಸ್ಟೇಷನ್ ಎಷ್ಟು ಹೊತ್ತು ಕೇಳಿದಿರಿ ಅಂತ ಬರೆದು ಅಂಚೆಗೆ ಹಾಕಬೇಕು. ಯಾರು ಗಂಟೆಗಂಟೆಗೆ ಬರೆಯುತ್ತಾರೆ ಹೇಳಿ? ಆಫೀಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದವರು ಒಂಬತ್ತರಿಂದ ಐದರವರೆಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ದ ವೇವ್" ಅಂತ ಬರೆದು ಬಿಡುತ್ತಿದ್ದರು. ನಡುವಿನ ಮೀಟಿಂಗು, ಊಟ, ಫೋನು ಯಾವುದೂ ಲೆಕ್ಕಕ್ಕಿಲ್ಲ. ಸ್ಮೂತ್ ಜಾಝ್ ಬದುಕಿದ್ದೇ ಆ ಗೆರೆಯ ಮೇಲೆ.

ಪಿಪಿಎಂ ಅಂದರೆ ಪೋರ್ಟಬಲ್ ಪೀಪಲ್ ಮೀಟರ್. ಹಳೇ ಪೇಜರ್ ಥರದ ಡಬ್ಬಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕಿತ್ತು. ಸ್ಟೇಷನ್ನಿನವರು ಹಾಡಿನೊಳಗೆ ಕಿವಿಗೆ ಕೇಳಿಸದ ಒಂದು ಕೋಡ್ ಸೇರಿಸಿ ಕಳಿಸುತ್ತಾರೆ, ಡಬ್ಬಿಯ ಮೈಕ್ ಅದನ್ನು ಹಿಡಿಯುತ್ತದೆ. ರಾತ್ರಿ ಚಾರ್ಜರ್ ಸ್ಟ್ಯಾಂಡಿಗೆ ಇಟ್ಟರೆ ಇಡೀ ದಿನದ ಲೆಕ್ಕ ಕಂಪನಿಗೆ ಹೋಗುತ್ತಿತ್ತು. ಫಿಲಡೆಲ್ಫಿಯಾ, ಹ್ಯೂಸ್ಟನ್‌ನಲ್ಲಿ 2007ರಲ್ಲಿ ಶುರುವಾಯಿತು. ನ್ಯೂಯಾರ್ಕ್, ಎಲ್‌ಎ, ಶಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋಗೆ 2008ರ ಕೊನೆಗೆ ಬಂತು. ಜನ ಡೈರಿಯಲ್ಲಿ ಬರೆಯುತ್ತಿದ್ದದ್ದಕ್ಕಿಂತ ಜಾಸ್ತಿ ಸ್ಟೇಷನ್ ಕೇಳುತ್ತಾರೆ, ಆದರೆ ಒಂದೊಂದನ್ನೂ ಸ್ವಲ್ಪ ಹೊತ್ತು ಮಾತ್ರ ಕೇಳುತ್ತಾರೆ ಅಂತ ಆಗ ಗೊತ್ತಾಯ್ತು. ಉದ್ದ ಗೆರೆಯವರ ಕಥೆ ಅಲ್ಲಿಗೆ ಮುಗೀತು.

ಟೀ ಬ್ರೇಕ್:
ಅಂದ್ರೆ ಮೊದಲಿನ ರೇಟಿಂಗೇ ಸುಳ್ಳು ಅಂತಾಯ್ತಲ್ವಾ ತಾತ?

ಟ್ರಾನ್ಸ್‌ಮಿಟರ್ ತಾತ:
ಸುಳ್ಳು ಅನ್ನಬೇಡ ಮಗಾ. ಡೈರಿ ಜನರ ನೆನಪನ್ನು ಅಳೆಯುತ್ತಿತ್ತು, ಮೀಟರ್ ಅವರ ಸುತ್ತಲಿನ ಗದ್ದಲವನ್ನು ಅಳೆಯುತ್ತದೆ. ಅಂಗಡಿಗೆ ಹೋದಾಗ ಅಲ್ಲಿ ಯಾರೋ ಹಚ್ಚಿದ ಸ್ಟೇಷನ್ನೂ ನಿನ್ನ ಲೆಕ್ಕಕ್ಕೇ ಬರುತ್ತದೆ, ನಿನಗೆ ಅದು ಇಷ್ಟ ಇರಲಿ ಬಿಡಲಿ.

ಕೋರಮಂಗಲ ಕಿವಿ:
ಡೈರಿ ವಿಷಯ ಬಂತು ಅಂತ ಹೇಳ್ತೀನಿ. ನಾನು ಅಮೆರಿಕದಲ್ಲಿ ಓದುತ್ತಿದ್ದಾಗ ರೂಮ್‌ಮೇಟ್‌ಗೆ ಒಂದು ಬಂದಿತ್ತು. ಪುಣ್ಯಾತ್ಮ ವಾರವೆಲ್ಲ ಅದನ್ನು ಫ್ರಿಜ್ ಮೇಲೆ ಇಟ್ಟು, ಬುಧವಾರ ರಾತ್ರಿ ಅನ್ನಕ್ಕೆ ಇಟ್ಟು ಕುಕ್ಕರ್ ಕೂಗೋದರೊಳಗೆ ಏಳೂ ದಿನದ್ದು ತುಂಬಿ ಮುಗಿಸಿದ. ಅವನಿಗೆ ನೆನಪಿದ್ದದ್ದು ಮೂರೇ ಸ್ಟೇಷನ್ ಹೆಸರು, ಮೂರಕ್ಕೂ ಸಮಪಾಲು ಹಂಚಿದ. ಆ ಊರಿನ ಜಾಹೀರಾತು ದರ ಹಿಂಗೆ ನಿಗದಿಯಾಗುತ್ತಿತ್ತು ನೋಡಿ.

ಲೆಕ್ಕದ ಮೇಷ್ಟ್ರು:
ತಾತನವರು ಹೇಳಿದ ಯಂತ್ರದ ವಿವರ ಸರಿ. ಆದರೆ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಫಿಲಡೆಲ್ಫಿಯಾದ ಸ್ಮೂತ್ ಜಾಝ್ ಸ್ಟೇಷನ್ ಡಬ್ಲ್ಯುಜೆಜೆಝಡ್ 106.1ರಿಂದ ಎತ್ತಂಗಡಿ ಆಗಿದ್ದು 2006ರ ಆಗಸ್ಟ್‌ನಲ್ಲಿ. ಆಗಿನ್ನೂ ಡೈರಿಯದೇ ಕಾಲ. ನ್ಯೂಯಾರ್ಕಿನ ಸಿಡಿ 101.9 ಮುಚ್ಚಿದ್ದು 2008ರ ಫೆಬ್ರವರಿ, ಅಲ್ಲಿ ಪಿಪಿಎಂ ಅಧಿಕೃತ ಆಗಿದ್ದು ಅಕ್ಟೋಬರ್. ಹೆಣ ಬಿದ್ದ ಮೇಲೆ ಬಂದವನನ್ನು ಕೊಲೆಗಾರ ಅಂದರೆ ಹೆಂಗೆ?

ಟ್ರಾನ್ಸ್‌ಮಿಟರ್ ತಾತ:
ಮೇಷ್ಟ್ರೇ, ನ್ಯೂಯಾರ್ಕಿನಲ್ಲಿ ಪಿಪಿಎಂ ಮೊದಲು 2007ರ ಕೊನೆಗೇ ಜಾರಿ ಆಗಬೇಕಿತ್ತು, ಗಲಾಟೆಯಾಗಿ ಮುಂದಕ್ಕೆ ಹೋಯ್ತು. ಪ್ರಯೋಗದ ಅಂಕಿಗಳು ಆಗಲೇ ಓಡಾಡುತ್ತಿದ್ದವು. ಮಾಲೀಕರಿಗೆ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಗೊತ್ತಿರಲಿಲ್ಲ ಅನ್ನಬೇಡಿ.

ಲೆಕ್ಕದ ಮೇಷ್ಟ್ರು:
ಫಿಲಡೆಲ್ಫಿಯಾಗೆ ಏನು ಹೇಳ್ತೀರಿ? ಅದೇ ಊರಲ್ಲಿ ಇನ್ನೊಂದು ಕಂಪನಿ 2006ರ ನವೆಂಬರ್‌ನಲ್ಲಿ ಡಬ್ಲ್ಯುಜೆಜೆಝಡ್ ಹೆಸರನ್ನು ಎತ್ತಿಕೊಂಡು 97.5ರಲ್ಲಿ ಮತ್ತೆ ಶುರು ಮಾಡಿತು. 2008ರ ಸೆಪ್ಟೆಂಬರ್‌ಗೆ ಅದೂ ಬಂದ್. ಎರಡು ಸಲ ಸತ್ತದ್ದಕ್ಕೆ ಎರಡು ಬೇರೆ ಕಾರಣ ಇರಬಹುದು, ಮೊದಲನೆಯದಕ್ಕಂತೂ ಮೀಟರ್ ಅಲ್ಲ.

ಟ್ರಾನ್ಸ್‌ಮಿಟರ್ ತಾತ:
ಎರಡನೆಯದಕ್ಕೆ ಮೀಟರೇ. ಅಲ್ಲಿಗೆ ಒಂದೊಂದು ಸಮ ಆಯ್ತು.

ಹುಬ್ಬಳ್ಳಿ ಟು ಹ್ಯೂಸ್ಟನ್:
ನೀವಿಬ್ಬರೂ ತಾರೀಖು ಹಿಡ್ಕೊಂಡು ಜಗಳ ಆಡ್ರೀ. ರೊಕ್ಕದ ಮಾತು ಯಾರೂ ಎತ್ತಲಿಲ್ಲ. ನಾನು ಇಲ್ಲಿ ಜಾಹೀರಾತು ಏಜೆನ್ಸಿಯಲ್ಲಿ ಇದ್ದವನು. ರೇಡಿಯೋ ಸಮಯ ಕೊಳ್ಳುವವರು ಕೇಳುವುದು ಒಂದೇ, 25ರಿಂದ 54 ವಯಸ್ಸಿನವರು ಎಷ್ಟು ಮಂದಿ ಇದ್ದಾರೆ ಅಂತ. 1987ರಲ್ಲಿ ಈ ಸ್ಟೇಷನ್ ಹಚ್ಚಿದವನು 35-40 ವಯಸ್ಸಿನ, ಕೈತುಂಬ ಸಂಬಳದ ಮನುಷ್ಯ. ಕಾರು, ಬ್ಯಾಂಕು, ವಿಮಾನ ಕಂಪನಿಗಳೆಲ್ಲ ಅವನ ಹಿಂದೆ. 2008ಕ್ಕೆ ಅದೇ ಮನುಷ್ಯ ಅದೇ ಸ್ಟೇಷನ್ ಕೇಳುತ್ತಿದ್ದಾನೆ ಖರೆ, ಆದರೆ ಅವನಿಗೆ ವಯಸ್ಸು ಹೆಚ್ಚುಕಮ್ಮಿ 60. ಏಜೆನ್ಸಿ ಲೆಕ್ಕದಲ್ಲಿ ಅವನು ಇದ್ದೂ ಇಲ್ಲ. ಅವನ ಹತ್ತಿರ ಮೊದಲಿಗಿಂತ ಜಾಸ್ತಿ ರೊಕ್ಕ ಇದೆ ಅಂತ ಎಷ್ಟು ಹೇಳಿದರೂ ಕೇಳುವವರಿಲ್ಲ. ಹೊಸ ಹುಡುಗರು ಬರಲಿಲ್ಲ, ಹಳಬರನ್ನು ಯಾರೂ ಕೊಳ್ಳಲಿಲ್ಲ. ಅದರ ಮೇಲೆ 2008ರ ಆರ್ಥಿಕ ಕುಸಿತ ಬೇರೆ. ಆ ವರ್ಷ ಕಾರು ಮಾರುವವರು, ಬ್ಯಾಂಕಿನವರು ಮೊದಲು ಕತ್ತರಿ ಹಾಕಿದ್ದೇ ಜಾಹೀರಾತಿಗೆ.

ಶಿಕಾಗೋ ಸೊಸೆ:
ಇದು ನಿಜ. ನಮ್ಮ ಮಾವನವರೇ ಉದಾಹರಣೆ. ಊರಿಂದ ಬಂದಾಗಲೆಲ್ಲ ಕಾರಲ್ಲಿ ಅದೇ ಬೇಕು ಅನ್ನುತ್ತಿದ್ದರು. ಮಾತು ಕಮ್ಮಿ, ಕಿರುಚಾಟ ಇಲ್ಲ, ಸಾಹಿತ್ಯ ಅರ್ಥವಾಗಬೇಕು ಅಂತಲೂ ಇಲ್ಲ. ಆದರೆ ಅವರಿಗೆ ಯಾರು ಕಾರು ಮಾರುತ್ತಾರೆ?

ಎಲ್‌ಎ ಲಲಿತೆ:
ನಾನು ದ ವೇವ್ ಮೊದಲ ವರ್ಷದಿಂದ ಕೇಳಿದವಳು. ಎಲ್ಲರೂ ಸಾವಿನ ಬಗ್ಗೆ ಮಾತಾಡ್ತಾ ಇದ್ದೀರಿ, ಕಾಯಿಲೆ ಶುರುವಾಗಿದ್ದು ತುಂಬಾ ಮುಂಚೆ.

1987ರ ಫೆಬ್ರವರಿ 14ಕ್ಕೆ ಕೆಎಂಇಟಿ ಅನ್ನುವ ಹೆಸರುವಾಸಿ ರಾಕ್ ಸ್ಟೇಷನ್ ಮುಚ್ಚಿ, ಅದೇ ಜಾಗದಲ್ಲಿ ದ ವೇವ್ ಬಂತು. ರಾಕ್ ಅಭಿಮಾನಿಗಳು ಹಿಡಿಶಾಪ ಹಾಕಿದ್ದರು. ಆಗ ಅದಕ್ಕೆ ಸ್ಮೂತ್ ಜಾಝ್ ಅನ್ನುವ ಹೆಸರೇ ಇರಲಿಲ್ಲ. ಡಿಜೆಗಳೂ ಇರಲಿಲ್ಲ. ಹಾಡಿನ ನಡುವೆ ಸಣ್ಣ ಸಣ್ಣ ನಾಟಕದ ತುಣುಕು ಹಾಕುತ್ತಿದ್ದರು. ವಿಂಡಮ್ ಹಿಲ್ ರೆಕಾರ್ಡ್ ಕಂಪನಿಯ ಗಿಟಾರ್, ಆಂಡ್ರಿಯಾಸ್ ವೊಲೆನ್‌ವೈಡರ್‌ನ ಹಾರ್ಪ್, ಬ್ರೆಜಿಲ್ ಸಂಗೀತ, ಜಾಝ್ ಗಿಟಾರಿನ ಪ್ಯಾಟ್ ಮೆಥೀನಿ, ನಡುವೆ ಗಾಯಕಿ ಶಾಡೇ. ಮುಂದೆ ಏನು ಬರುತ್ತೆ ಅಂತ ಹೇಳೋಕೇ ಆಗುತ್ತಿರಲಿಲ್ಲ. ಟ್ರಾಫಿಕ್ಕಲ್ಲಿ ನಿಂತವರು ಪಕ್ಕದ ಸೀಟಿನ ಮೇಲೆ ಚೀಟಿ ಇಟ್ಟುಕೊಂಡು ಹೆಸರು ಬರೆದುಕೊಳ್ಳಬೇಕು, ಅಂಥ ಸ್ಟೇಷನ್.

ಆಮೇಲೆ ಬಂತು ಸಂಶೋಧನೆ. ವೇವ್ ಕಟ್ಟಿದ ಫ್ರ್ಯಾಂಕ್ ಕೋಡಿ ಮುಂದೆ ಬ್ರಾಡ್‌ಕಾಸ್ಟ್ ಆರ್ಕಿಟೆಕ್ಚರ್ ಅನ್ನುವ ಸಂಶೋಧನಾ ಕಂಪನಿ ಶುರು ಮಾಡಿದರು. ಒಂದು ಹಾಲ್‌ನಲ್ಲಿ ಕೇಳುಗರನ್ನು ಕೂರಿಸಿ, ಪ್ರತಿಯೊಬ್ಬರ ಕೈಗೆ ಒಂದು ತಿರುಗುವ ಗುಂಡಿ ಕೊಡೋದು. ಹಾಡಿನ ಕೆಲವೇ ಸೆಕೆಂಡಿನ ತುಣುಕು ಹಾಕೋದು. ಇಷ್ಟವಾದರೆ ಗುಂಡಿ ಒಂದು ಕಡೆಗೆ, ಬೇಡವಾದರೆ ಇನ್ನೊಂದು ಕಡೆಗೆ. ಸ್ಮೂತ್ ಜಾಝ್ ಅನ್ನುವ ಮಾತು ಕೂಡ ಇಂಥದ್ದೇ ಒಂದು ಗುಂಪಿನಲ್ಲಿ ಯಾರೋ ಕೇಳುಗ ಮಹಿಳೆ ಆಡಿದ್ದಂತೆ, ಡಬ್ಲ್ಯುಎನ್‌ಯುಎಗೆ ಸಂಶೋಧನೆ ಮಾಡುವಾಗ.

ಕೆಲವೇ ಸೆಕೆಂಡಲ್ಲಿ ಯಾವ ಹಾಡು ಗೆಲ್ಲುತ್ತೆ ಹೇಳಿ? ಮೊದಲೇ ಗೊತ್ತಿರೋ ಹಾಡು. ಸೋಲೋ ಎಂಟು ನಿಮಿಷದ್ದಾದರೆ ಅದರ ಚೆಂದ ಐದನೇ ನಿಮಿಷಕ್ಕೆ ಬರುತ್ತೆ, ಗುಂಡಿ ಹಿಡಿದವರಿಗೆ ಅದು ಕೇಳಿಸೋದೇ ಇಲ್ಲ. ಹಾಗಾಗಿ ಗಟ್ಟಿ ಸೋಲೋ ಹೋಯ್ತು, ಬ್ರೆಜಿಲ್ ಹೋಯ್ತು, ಹಾರ್ಪ್ ಹೋಯ್ತು. ಉಳಿದದ್ದು ಹಳೇ ಆರ್ ಅಂಡ್ ಬಿ (ಕಪ್ಪು ಗಾಯಕರ ಪಾಪ್) ಹಿಟ್‌ಗಳನ್ನು ಸ್ಯಾಕ್ಸೋಫೋನಿನಲ್ಲಿ ನುಡಿಸಿದ್ದು, ಜೊತೆಗೆ ಲೂಥರ್ ವ್ಯಾಂಡ್ರಾಸ್, ಅನಿತಾ ಬೇಕರ್. ಅವರು ದೊಡ್ಡ ಗಾಯಕರೇ, ಆದರೆ ಅವರು ಬೇರೆ ನಾಲ್ಕು ಸ್ಟೇಷನ್‌ನಲ್ಲೂ ಸಿಗುತ್ತಿದ್ದರು. ಉಪ್ಪು ಯಾರಿಗೋ ಜಾಸ್ತಿ, ಖಾರ ಯಾರಿಗೋ ಜಾಸ್ತಿ ಅಂತ ಒಂದೊಂದೇ ತೆಗೆಯುತ್ತಾ ಹೋದರೆ ಕೊನೆಗೆ ಸಾರು ಬಿಸಿನೀರಾಗುತ್ತೆ. ಒಂದೇ ಕಂಪನಿ ದೇಶದ ಹತ್ತಾರು ಸ್ಟೇಷನ್‌ಗೆ ಸಲಹೆ ಕೊಟ್ಟಿದ್ದರಿಂದ ಎಲ್ಲ ಊರಲ್ಲೂ ಅದೇ ಬಿಸಿನೀರು.

ಮೀಟರ್ ಬಂದಾಗ ಸಾಯೋಕೆ ಉಳಿದಿದ್ದು ಅದು.

ಲಿಫ್ಟ್ ವಿರೋಧಿ:
ಲಲಿತಕ್ಕ, ನಾನು ಮೊದಲನೇ ಸಾಲಿನಲ್ಲಿ ಹೇಳಿದ್ದೂ ಇದನ್ನೇ, ನೀವು ಪ್ರಬಂಧ ಬರೆದಿರಿ.

ಎಲ್‌ಎ ಲಲಿತೆ:
ನೀವು ಹೇಳಿದ್ದು "ಹೋಗಿದ್ದೇ ಒಳ್ಳೇದಾಯ್ತು" ಅಂತ. ನನಗೆ ಅದು ಬೇಕಿತ್ತು ರೀ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಹುಬ್ಬಳ್ಳಿ ಟು ಹ್ಯೂಸ್ಟನ್:
ಇದಕ್ಕೆ ಇನ್ನೊಂದು ಸೇರಿಸ್ರೀ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ. ಒಬ್ಬ ಮಾಲೀಕ ಇಡೀ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕು ಅನ್ನುವ ಮಿತಿ ತೆಗೆದರು. ಕ್ಲಿಯರ್ ಚಾನೆಲ್ ಒಂದೇ ಕಂಪನಿ ಸಾವಿರಕ್ಕೂ ಹೆಚ್ಚು ಸ್ಟೇಷನ್ ಕೊಂಡಿತು. ಡಬ್ಲ್ಯುಎನ್‌ಯುಎ, ಕೆಕೆಎಸ್‌ಎಫ್ ಎರಡೂ ಅದರದ್ದೇ. 2009ರಲ್ಲಿ ಎರಡೂ ಒಂದೇ ವಾರ ಹೋದವು ಅಂತ ಭಟ್ಟರು ಆಶ್ಚರ್ಯ ಪಟ್ಟಿದ್ದಾರೆ, ಎರಡಕ್ಕೂ ಯಜಮಾನ ಒಬ್ಬನೇ.

ಬೇ ಏರಿಯಾ ಭಟ್ಟ:
ಅದು ಹೊಳೆದೇ ಇರಲಿಲ್ಲ! ಕೆಕೆಎಸ್‌ಎಫ್‌ನವರು ಏಡ್ಸ್ ಪರಿಹಾರಕ್ಕೆ ಅಂತ ಆಯ್ದ ಹಾಡುಗಳ ಸ್ಯಾಂಪ್ಲರ್ ಸಿಡಿಗಳನ್ನು ತರುತ್ತಿದ್ದರು. ಊರಿನ ಜೊತೆ ಅಂಥ ಸಂಬಂಧ ಇದ್ದ ಸ್ಟೇಷನ್ ಅದು.

ಅಟ್ಲಾಂಟಾ ಅಣ್ಣಪ್ಪ:
ಒಂದು ವಿಷಯ ಯಾರೂ ಮುಟ್ಟಲಿಲ್ಲ. ಈ ಸ್ಟೇಷನ್‌ಗಳ ಕೇಳುಗರಲ್ಲಿ ಕಪ್ಪು ಜನ ತುಂಬಾ ಇದ್ದರು. ನುಡಿಸುವವರಲ್ಲೂ ಅಷ್ಟೇ, ಗ್ರೋವರ್ ವಾಷಿಂಗ್ಟನ್ ಜೂನಿಯರ್, ಜಾರ್ಜ್ ಬೆನ್ಸನ್, ಜೆರಾಲ್ಡ್ ಆಲ್‌ಬ್ರೈಟ್, ನಜೀ, ನಾರ್ಮನ್ ಬ್ರೌನ್. ಸ್ಮೂತ್ ಜಾಝ್ ಅಂದ ಕೂಡಲೇ ಸ್ಯಾಕ್ಸೋಫೋನ್ ವಾದಕ ಕೆನ್ನಿ ಜಿ ಕೂದಲು ನೆನಪಿಸಿಕೊಂಡು ನಗುವವರಿಗೆ ಇದು ಕಾಣೋದೇ ಇಲ್ಲ.

ಪಿಪಿಎಂ ಡಬ್ಬಿ ಹಂಚುವಾಗ ಕಪ್ಪು ಮತ್ತು ಹಿಸ್ಪ್ಯಾನಿಕ್ ಮನೆಗಳಿಗೆ ಸರಿಯಾಗಿ ಹಂಚಿಲ್ಲ ಅಂತ ದೊಡ್ಡ ಗಲಾಟೆ ಆಗಿತ್ತು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ಯುಮೊ 2008ರ ಅಕ್ಟೋಬರ್‌ನಲ್ಲಿ ಆರ್ಬಿಟ್ರಾನ್ ಮೇಲೆ ಕೇಸೇ ಹಾಕಿದರು. 2009ರ ಜನವರಿಯಲ್ಲಿ ರಾಜಿ ಆಯ್ತು, ಸ್ಯಾಂಪಲ್ ಸರಿಪಡಿಸ್ತೀವಿ ಅಂತ ಕಂಪನಿ ಒಪ್ಪಿತು. ಅಷ್ಟರಲ್ಲಿ ಎಷ್ಟೋ ಸ್ಟೇಷನ್‌ಗಳ ಹಣೆಬರಹ ಬರೆದಾಗಿತ್ತು. ದ ವೇವ್ ಕೊನೆಗೆ 2015ರಲ್ಲಿ ಪೂರ್ತಿ ಆರ್ ಅಂಡ್ ಬಿ ಆಯ್ತಲ್ಲ, ಕೇಳುಗರು ಎತ್ತ ಹೋದರು ಅಂತ ಅದರಲ್ಲೇ ಗೊತ್ತಾಗುತ್ತೆ.

ಲೆಕ್ಕದ ಮೇಷ್ಟ್ರು:
ಒಳ್ಳೆ ಮಾತು. ಹಾಗಾದರೆ ಮೀಟರ್ ತಪ್ಪು ಅಳೆಯಿತು ಅಂತ ವಾದಾನಾ, ಸರಿ ಅಳೆಯಿತು ಅಂತಾನಾ? ಲಲಿತಾ ಅವರ ವಾದಕ್ಕೂ ನಿಮ್ಮ ವಾದಕ್ಕೂ ಹೊಂದಿಕೆ ಆಗ್ತಿಲ್ಲ.

ಅಟ್ಲಾಂಟಾ ಅಣ್ಣಪ್ಪ:
ಹೊಂದಿಕೆ ಯಾಕಾಗಬೇಕು ಸರ್? ಪ್ಲೇಲಿಸ್ಟೂ ಹದಗೆಟ್ಟಿತ್ತು, ಅಳತೆಯೂ ಸರಿ ಇರಲಿಲ್ಲ. ಎರಡೂ ಒಟ್ಟಿಗೆ ಆಗಬಾರದು ಅಂತ ರೂಲ್ ಇಲ್ಲವಲ್ಲ.

ಟ್ರಾನ್ಸ್‌ಮಿಟರ್ ತಾತ:
ಅಳತೆಯ ವಿಷಯಕ್ಕೆ ಎಂಜಿನಿಯರ್‌ಗಳ ನಡುವೆ ಓಡಾಡುತ್ತಿದ್ದ ಇನ್ನೊಂದು ಅನುಮಾನ ಹೇಳ್ತೀನಿ. ಆ ಕೋಡ್ ಹಾಡಿನೊಳಗೆ 1ರಿಂದ 3 ಕಿಲೋಹರ್ಟ್ಸ್ ನಡುವೆ ಕೂರುತ್ತದೆ. ಅದನ್ನು ಕಿವಿಯಿಂದ ಮರೆಮಾಡಲು ಅದೇ ಜಾಗದಲ್ಲಿ ಹಾಡಿನ ಸದ್ದು ಗಟ್ಟಿಯಾಗಿರಬೇಕು. ರಾಕ್, ಪಾಪ್‌ನಲ್ಲಿ ಗಿಟಾರು, ಡ್ರಮ್ಮು, ಗಂಟಲು ಎಲ್ಲ ಸೇರಿ ಆ ಜಾಗ ತುಂಬಿ ತುಳುಕುತ್ತದೆ. ಕೋಡ್ ಆರಾಮಾಗಿ ಅಡಗಿ ಕೂರುತ್ತದೆ. ಆದರೆ ಒಂದು ಸ್ಯಾಕ್ಸೋಫೋನು ಒಂದೇ ಸ್ವರ ಹಿಡಿದು ನಿಂತಿದೆ, ಹಿಂದೆ ಮೆತ್ತಗೆ ಕೀಬೋರ್ಡು, ಅಷ್ಟೇ. ಅಡಗೋಕೆ ಜಾಗ ಎಲ್ಲಿದೆ? ಯಂತ್ರ ಕೋಡನ್ನು ತಗ್ಗಿಸುತ್ತದೆ, ಗದ್ದಲದ ರೂಮಿನಲ್ಲಿ ಡಬ್ಬಿಗೆ ಅದು ಸಿಗೋದಿಲ್ಲ. ಅಂದರೆ ನೀವು ಕೇಳ್ತಾ ಇದ್ದರೂ ಕೇಳ್ತಾ ಇಲ್ಲ ಅಂತ ಲೆಕ್ಕ.

2014ರ ಹೊತ್ತಿಗೆ ವೋಲ್ಟೇರ್ ಅಂತ ಒಂದು ಪೆಟ್ಟಿಗೆ ಮಾರುಕಟ್ಟೆಗೆ ಬಂತು, ಬೆಲೆ 15 ಸಾವಿರ ಡಾಲರ್. ಕೋಡ್ ಎಷ್ಟು ಗಟ್ಟಿ ಕೂತಿದೆ ಅಂತ ಅದು ತೋರಿಸುತ್ತಿತ್ತು, ಬೇಕಾದರೆ ಎತ್ತಿ ಕೊಡುತ್ತಿತ್ತು. ನೂರಾರು ಸ್ಟೇಷನ್‌ನವರು ಬಾಯಿಬಿಡದೆ ಕೊಂಡರು. ಆಗ ಆರ್ಬಿಟ್ರಾನನ್ನು ನೀಲ್ಸನ್ ಅನ್ನುವ ರೇಟಿಂಗ್ ಕಂಪನಿ ಕೊಂಡಾಗಿತ್ತು. ಮೊದಲು ತಕರಾರು ಮಾಡಿದ ನೀಲ್ಸನ್, 2015ರಲ್ಲಿ ತನ್ನ ಕೋಡಿಂಗನ್ನೇ ಗಟ್ಟಿ ಮಾಡಿತು. ಮೊದಲಿನದು ಚೆನ್ನಾಗಿದ್ದರೆ ಗಟ್ಟಿ ಮಾಡಬೇಕಾಗಿ ಯಾಕೆ ಬಂತು?

ಟೀ ಬ್ರೇಕ್:
ತಾತ 🙏 ಇದಕ್ಕೇ ಈ ವೇದಿಕೆಗೆ ಬರೋದು.

ಲೆಕ್ಕದ ಮೇಷ್ಟ್ರು:
ಕೋಡ್ ಸಮಸ್ಯೆ ಅಷ್ಟು ದೊಡ್ಡದಾಗಿದ್ದರೆ ಮಾತಿನ ಸ್ಟೇಷನ್‌ಗಳೂ ಮುಳುಗಬೇಕಿತ್ತು, ಮಾತಿನ ನಡುವೆ ಎಷ್ಟೊಂದು ಮೌನ ಇರುತ್ತೆ.

ಟ್ರಾನ್ಸ್‌ಮಿಟರ್ ತಾತ:
ಮಾತಿನ ಸ್ಟೇಷನ್ನಿನವರೇ ಮೊದಲು ಕೂಗಾಡಿದ್ದು, ವಿಚಾರಿಸಿ ನೋಡಿ.

ಕುಡ್ಲದ ಕೊಳಲು:
ಮಾರಾಯ್ರೇ, ಸ್ಯಾಕ್ಸೋಫೋನ್ ಅಂತ ಇಷ್ಟು ಸಲ ಬಂತು, ಒಬ್ಬರೂ ಕದ್ರಿ ಗೋಪಾಲನಾಥರ ಹೆಸರು ಎತ್ತಲಿಲ್ಲ! ಮೈಸೂರು ಅರಮನೆ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮರುಳಾದವರು. ಕರ್ನಾಟಕ ಸಂಗೀತದ ಗಮಕ ಬರಬೇಕು ಅಂತ ವಾದ್ಯವನ್ನೇ ಸ್ವಲ್ಪ ಮಾರ್ಪಾಡು ಮಾಡಿಕೊಂಡರು. 1980ರಲ್ಲಿ ಬಾಂಬೆ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ, ಗೋಪಾಲನಾಥರ ನುಡಿಸಾಣಿಕೆ ಕೇಳಿ ಜೊತೆಗೆ ನುಡಿಸಿದರು. 2008ರಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ಆಲ್ಬಮ್ ಬಂತು. ನಿಮ್ಮ ಸ್ಮೂತ್ ಜಾಝ್ ಸ್ಟೇಷನ್‌ಗಳು ಒಂದೊಂದಾಗಿ ಮುಚ್ಚುತ್ತಿದ್ದ ಅದೇ ವರ್ಷ.

ಎಲ್‌ಎ ಲಲಿತೆ:
ಅದನ್ನು ಆ ಗುಂಡಿ ಹಿಡಿದವರ ಮುಂದೆ ಹಾಕಿದ್ದರೆ ಮೊದಲ ಸೆಕೆಂಡಿಗೇ ಔಟ್ 😄

ಲಿಫ್ಟ್ ವಿರೋಧಿ:
ಕದ್ರಿಯವರನ್ನು ಕೆನ್ನಿ ಜಿ ಇರುವ ಚರ್ಚೆಗೆ ಎಳೆಯಬೇಡಿ ದಯವಿಟ್ಟು. ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಅವರ ಹಾಡಿನ ಮೇಲೆ ತನ್ನ ಸ್ಯಾಕ್ಸ್ ಅಂಟಿಸಿ 1999ರಲ್ಲಿ ಬಿಟ್ಟ ಮಹಾನುಭಾವ. ಪ್ಯಾಟ್ ಮೆಥೀನಿ ಅದಕ್ಕೆ ಉಗಿದದ್ದು ಈಗಲೂ ಓದಬಹುದು.

ಶಿಕಾಗೋ ಸೊಸೆ:
1997ರಲ್ಲಿ ಅದೇ ಮಹಾನುಭಾವ ಒಂದೇ ಸ್ವರವನ್ನು 45 ನಿಮಿಷ 47 ಸೆಕೆಂಡ್ ಹಿಡಿದು ಗಿನ್ನೆಸ್ ದಾಖಲೆ ಮಾಡಿದ್ದ. ನೀವು ಒಂದು ಬಲೂನು ಊದಿ ತೋರಿಸಿ.

ಲಿಫ್ಟ್ ವಿರೋಧಿ:
45 ನಿಮಿಷ ಅದನ್ನು ನಿಂತು ಕೇಳಿದವರಿಗೆ ಯಾಕೆ ದಾಖಲೆ ಕೊಡಲಿಲ್ಲ?

ಲಂಡನ್ ಲಿಂಗಪ್ಪ:
ಇಲ್ಲೂ ಇದೇ ಕಥೆ, ಸ್ವಲ್ಪ ಬೇರೆ ಥರ. ಲಂಡನ್ನಿನ 102.2ರಲ್ಲಿ 1990ರಿಂದ ಜಾಝ್ ಎಫ್‌ಎಂ ಇತ್ತು. ಜಾಝ್ ಅನ್ನೋ ಪದ ನೋಡಿದರೆ ಜನ ಹೆದರುತ್ತಾರೆ ಅಂತ 2005ರಲ್ಲಿ ಸ್ಮೂತ್ ಎಫ್‌ಎಂ ಮಾಡಿದರು, ಜಾಝನ್ನು ರಾತ್ರಿ ಪಾಳಿಗೆ ತಳ್ಳಿದರು. 2008ರಲ್ಲಿ ಜಾಝ್ ಎಫ್‌ಎಂ ಡಿಜಿಟಲ್ ರೇಡಿಯೋದಲ್ಲಿ ವಾಪಸ್ ಬಂತು. ಸ್ಮೂತ್ ಈಗಲೂ ಇದೆ, ಹಳೇ ಪಾಪ್ ಹಾಡು ಹಾಕುತ್ತೆ, ಜಾಝ್ ಬಿಟ್ಟು. ಮಾಪನ ಇಲ್ಲಿ ಈಚಿನವರೆಗೂ ಡೈರಿಯೇ. ಪಿಪಿಎಂ ಇಲ್ಲದ ದೇಶದಲ್ಲೂ ಹೀಗೇ ಆಯ್ತಲ್ಲ, ತಾತನವರು ಏನಂತಾರೆ?

ಟ್ರಾನ್ಸ್‌ಮಿಟರ್ ತಾತ:
ತಾತ ಈಗ ಊಟಕ್ಕೆ ಹೋಗ್ತಾನೆ.

ಕೋರಮಂಗಲ ಕಿವಿ:
ನಮ್ಮ ಬೆಂಗಳೂರಿನ ಎಫ್‌ಎಂ ರೇಟಿಂಗೂ 2007ರಲ್ಲಿ ಶುರುವಾದಾಗ ಡೈರಿ ಮೇಲೆಯೇ. ಆರ್‌ಎಎಂ ಅಂತ. ಇಲ್ಲಿ ಸ್ಮೂತ್ ಜಾಝ್ ಸ್ಟೇಷನ್ ಹುಟ್ಟಲೇ ಇಲ್ಲ, ಸಾಯೋ ಮಾತೆಲ್ಲಿ ಬಂತು. ಜಾಝ್ ಬೇಕಾದವರಿಗೆ ವರ್ಲ್ಡ್‌ಸ್ಪೇಸ್ ಅನ್ನುವ ಉಪಗ್ರಹ ರೇಡಿಯೋ ಇತ್ತು. ಅದರಲ್ಲಿ ರಿಫ್ ಅಂತ ಜಾಝ್ ಚಾನೆಲ್, ಕನ್ನಡಕ್ಕೆ ಸ್ಪರ್ಶ. ಕಿಟಕಿಯಲ್ಲಿ ಆಂಟೆನಾ ಇಟ್ಟು, ಸಿಗ್ನಲ್ ಸಿಗುವ ತನಕ ಅದನ್ನು ಇಂಚಿಂಚೇ ತಿರುಗಿಸುತ್ತಾ ಕೂರಬೇಕಿತ್ತು. ಮನೆಯವರೆಲ್ಲ ಉಗಿಯೋರು. 2009ರ ಡಿಸೆಂಬರ್ 31ಕ್ಕೆ ಅದೂ ಬಂದ್.

ಕುಡ್ಲದ ಕೊಳಲು:
ನಮ್ಮ ಮನೆಯಲ್ಲಿ ಆ ರಿಸೀವರ್ ಇನ್ನೂ ಇದೆ. ಪೆನ್‌ಡ್ರೈವ್ ಹಾಕುವ ಹಾಗೆ ಏನಾದರೂ ಮಾಡ್ಲಿಕ್ಕೆ ಆಗ್ತದಾ?

ಕೋರಮಂಗಲ ಕಿವಿ:
ಹಿಂದೆ ಲೈನ್ ಇನ್ ತೂತು ಇದೆಯಾ ನೋಡಿ. ಇದ್ದರೆ ಒಂದು ಬ್ಲೂಟೂತ್ ರಿಸೀವರ್ ಸಿಕ್ಕಿಸಿ, ಸ್ಪೀಕರ್ ಆಗಿ ಬಳಸಬಹುದು. ಇಲ್ಲದಿದ್ದರೆ ಬಿಚ್ಚಿ ಬೆಸುಗೆ ಹಾಕಬೇಕು, ಸುಮ್ನೆ ಗೋಳು.

ಬೇ ಏರಿಯಾ ಭಟ್ಟ:
ಈಗ ಎಲ್ಲಿ ಕೇಳೋದು ಅಂತ ಇಬ್ಬರು ಒಳಗಡೆ ಮೆಸೇಜ್ ಮಾಡಿದ್ದೀರಿ. ಅಮೆರಿಕದಲ್ಲಿ ಇರುವವರಿಗೆ ಸಿರಿಯಸ್ ಎಕ್ಸ್‌ಎಂ ಉಪಗ್ರಹ ರೇಡಿಯೋದಲ್ಲಿ ವಾಟರ್‌ಕಲರ್ಸ್ ಚಾನೆಲ್ ಇದೆ. ಜಾಸ್ತಿ ದುಡ್ಡಿದ್ದವರಿಗೆ ಸ್ಮೂತ್ ಜಾಝ್ ಕ್ರೂಸ್ ಅಂತ ಹಡಗೇ ಇದೆ, ಸ್ಯಾಕ್ಸ್ ವಾದಕ ಡೇವ್ ಕಾಜ್ ಬೇರೆ ಒಂದು ನಡೆಸುತ್ತಾರೆ. ಜಾಹೀರಾತಿನವರು ಬೇಡ ಅಂದ ಆ 60ರ ಕೇಳುಗರಿಗೇ ಟಿಕೆಟ್ ಮಾರ್ತಾ ಇದ್ದಾರೆ.

ಹುಬ್ಬಳ್ಳಿ ಟು ಹ್ಯೂಸ್ಟನ್:
ಅಂದೆನಲ್ರೀ ನಾನು, ಅವರ ಹತ್ತಿರ ರೊಕ್ಕ ಇದೆ ಅಂತ!

ಶಿಕಾಗೋ ಸೊಸೆ:
ಹಡಗಲ್ಲಿ ಸಸ್ಯಾಹಾರಿ ಊಟ ಸಿಗುತ್ತಾ? ಮಾವನವರ ಪರವಾಗಿ ಕೇಳ್ತಿದ್ದೀನಿ.